ಅಜ್ಜನ ಟ್ರಂಕಿನಲ್ಲಿ ಒಂದು ನಕ್ಷತ್ರ ಸಿಕ್ಕಿದೆ. ಯುದ್ಧಕ್ಕೆ ಹೋದವರ ದಾಖಲೆ ಎಲ್ಲಿ ಹುಡುಕಬೇಕು?

ಹಿನ್ನೀರಿನ ಹುಡುಗಿ · ಜೂನ್ 9

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನಮ್ಮಜ್ಜ, ಅಂದರೆ ಅಪ್ಪನ ಅಪ್ಪ, ಎರಡನೇ ಮಹಾಯುದ್ಧಕ್ಕೆ ಹೋಗಿ ಬಂದವರು. 1981ರಲ್ಲಿ ತೀರಿಕೊಂಡರು. ನಾನು ಹುಟ್ಟಿದ್ದು ಅದಾಗಿ ಎರಡು ವರ್ಷಕ್ಕೆ. ಮನೆಯಲ್ಲಿ ಅವರ ಬಗ್ಗೆ ಹೇಳುತ್ತಿದ್ದುದು ಒಂದೇ ಮಾತು: "ಅಜ್ಜ ಬರ್ಮಾದಲ್ಲಿ ಬೋಸರ ಸೈನ್ಯದಲ್ಲಿದ್ದರು." ಅದಕ್ಕೆ ಹಿಂದಿಲ್ಲ ಮುಂದಿಲ್ಲ.

ಕಳೆದ ವಾರ ಮಳೆ ಹಿಡಿಯುವ ಮುಂಚೆ ಅಟ್ಟದ ಮೇಲಿನ ಹಳೆ ಅಡಿಕೆ ಚೀಲ ಇಳಿಸುತ್ತಿದ್ದೆವು. ಮೂಲೆಯಲ್ಲಿ ಒಂದು ಕಬ್ಬಿಣದ ಟ್ರಂಕ್. ಒಳಗೆ ಹಳದಿ ಲೋಹದ ಆರು ಮೂಲೆಯ ನಕ್ಷತ್ರ, ಅದಕ್ಕೆ ಮಾಸಿದ ರಿಬ್ಬನ್. ದುಂಡನೆಯ ಬೆಳ್ಳಿ ಬಣ್ಣದ ಪದಕ. ಅಂಗೈ ಅಗಲದ ಒಂದು ಪುಸ್ತಕ, ಅದರಲ್ಲಿ ಅರ್ಧ ಒರಲೆಗೆ ಹೋಗಿದೆ. ಒಂದು ಖಾಲಿ ಲಕೋಟೆ, ಕಾಗದ ಇಲ್ಲ. ಮೂರು ಜನ ನಿಂತಿರುವ ಫೋಟೋ. ಬಲಗಡೆಯವರು ನಮ್ಮಜ್ಜ, ಕಿವಿ ನೋಡಿದರೇ ಗೊತ್ತಾಗುತ್ತದೆ, ನಮ್ಮಪ್ಪನದೂ ಅದೇ ಕಿವಿ.

ಇನ್ನೊಂದು ತೊಂದರೆ ಇದೆ. ಅಜ್ಜನ ಊರು ಈಗ ಶರಾವತಿ ನೀರಿನ ಕೆಳಗಿದೆ. ಲಿಂಗನಮಕ್ಕಿ ಅಣೆಕಟ್ಟು ಕಟ್ಟುವಾಗ ಎದ್ದು ಬಂದವರು ನಾವು. ಮುಳುಗಡೆಯ ಗಡಿಬಿಡಿಯಲ್ಲಿ ಎಷ್ಟೋ ಕಾಗದಪತ್ರ ಹೋಯಿತಂತೆ. ಅಜ್ಜನ ಮಕ್ಕಳಲ್ಲಿ ಈಗ ಉಳಿದಿರುವುದು ಸಾಗರದ ದೊಡ್ಡತ್ತೆ ಒಬ್ಬರೇ. 86 ವಯಸ್ಸು.

ಅಜ್ಜ ಎಲ್ಲಿದ್ದರು, ಏನು ಕೆಲಸ ಮಾಡುತ್ತಿದ್ದರು, ಎಷ್ಟು ವರ್ಷ ಅಂತ ತಿಳಿಯಬೇಕು. ಎಲ್ಲಿಂದ ಶುರು ಮಾಡಲಿ?

ನಿವೃತ್ತ ಹವಾಲ್ದಾರ್, ಸಾಗರ · ಜೂನ್ 9

ತಂಗಿ, ಮೊದಲನೇ ಮಾತು: ಪದಕ ತಿಕ್ಕಬೇಡಿ. ಹುಣಸೆಹಣ್ಣು ಬೇಡ, ಬ್ರಾಸೋ ಬೇಡ, ಬೂದಿನೂ ಬೇಡ. ನಮ್ಮ ಕಡೆ ಮನೆಯವರು ಪ್ರೀತಿಯಿಂದ ದೇವರ ಸಾಮಾನಿನ ಥರ ತೊಳೆದು, ಅಂಚಿನಲ್ಲಿ ಕೊರೆದ ಅಕ್ಷರವನ್ನೆಲ್ಲ ಸವೆಸಿಬಿಟ್ಟಿದ್ದನ್ನು ಕಣ್ಣಾರೆ ನೋಡಿದ್ದೇನೆ. ಒಣ ಬಟ್ಟೆಯಲ್ಲಿ ಒರೆಸಿ, ಸಾಕು.

ಆಮೇಲೆ ಇಷ್ಟು ನೋಡಿ ಹೇಳಿ. ನಕ್ಷತ್ರದ ನಡುವೆ ಕಿರೀಟದ ಸುತ್ತ ಇಂಗ್ಲಿಷಿನಲ್ಲಿ ಏನು ಬರೆದಿದೆ? ರಿಬ್ಬನ್ನಿನ ಬಣ್ಣ ಏನು? ದುಂಡು ಪದಕದ ಹಿಂದೆ ಯಾವ ಚಿತ್ರ ಇದೆ? ಅಂಚನ್ನು ಬೆಳಕಿಗೆ ಹಿಡಿದು ಸುತ್ತ ತಿರುಗಿಸಿ, ನಂಬರ್ ಅಥವಾ ಹೆಸರು ಇದೆಯಾ ನೋಡಿ. ಮೊದಲನೇ ಯುದ್ಧದ ಪದಕಗಳಲ್ಲಿ ಅಂಚಿಗೆ ಹೆಸರು, ನಂಬರ್ ಹೊಡೆದಿರುತ್ತಾರೆ. ಎರಡನೇ ಯುದ್ಧದ್ದರಲ್ಲಿ ಎಲ್ಲದಕ್ಕೂ ಇರುವುದಿಲ್ಲ, ಇಲ್ಲದಿದ್ದರೆ ಬೇಜಾರು ಮಾಡಿಕೊಳ್ಳಬೇಡಿ.

ಎಲ್ಲಕ್ಕಿಂತ ಮುಖ್ಯ ಆ ಪುಸ್ತಕ. ಅದು ಪೇಬುಕ್ ಇರಬೇಕು, ಅಂದರೆ ಸೈನಿಕನ ಸಂಬಳ, ಸೇವೆಯ ವಿವರ ಬರೆಯುವ ಪುಸ್ತಕ. ಒಂದೇ ಒಂದು ಸರ್ವೀಸ್ ನಂಬರ್ ಸಿಕ್ಕಿದರೆ ಅರ್ಧ ಕೆಲಸ ಆದ ಹಾಗೆ. ನಂಬರ್ ಇಲ್ಲದೆ ಬರೀ ಹೆಸರು ಹಿಡಿದು ಹೋದರೆ, ಒಂದೇ ಹೆಸರಿನ ನೂರು ಜನ ಇರುತ್ತಾರೆ.

ಟೀಚರಮ್ಮ ತೀರ್ಥಹಳ್ಳಿ · ಜೂನ್ 10

ಒರಲೆ ಹಿಡಿದ ಪುಸ್ತಕವನ್ನು ಒತ್ತಿ ಬಿಡಿಸಬೇಡಿ. ಜೆರಾಕ್ಸ್ ಅಂಗಡಿಗಂತೂ ಒಯ್ಯಲೇಬೇಡಿ. ಕಿಟಕಿ ಪಕ್ಕ ಇಟ್ಟು ಮೊಬೈಲಿನಲ್ಲಿ ಒಂದೊಂದೇ ಪುಟದ ಫೋಟೋ ತೆಗೆಯಿರಿ. ಪೆನ್ಸಿಲಿನಲ್ಲಿ ಬರೆದದ್ದು ಅಳಿಸಿಹೋದ ಹಾಗೆ ಕಂಡರೆ, ರಾತ್ರಿ ದೀಪ ಆರಿಸಿ ಟಾರ್ಚನ್ನು ಪುಟದ ಪಕ್ಕಕ್ಕೆ ಓರೆಯಾಗಿ ಹಿಡಿಯಿರಿ. ಪೆನ್ಸಿಲ್ ಒತ್ತಿದ ಗೆರೆ ನೆರಳಾಗಿ ಎದ್ದು ಕಾಣುತ್ತದೆ. ಹಳೆ ಸಾಗುವಳಿ ಚೀಟಿ ಓದಲು ನಾನು ಹೀಗೇ ಮಾಡಿದ್ದು.

ಹಿನ್ನೀರಿನ ಹುಡುಗಿ · ಜೂನ್ 12

ಟಾರ್ಚ್ ಉಪಾಯಕ್ಕೆ ತುಂಬಾ ಥ್ಯಾಂಕ್ಸ್ ಟೀಚರ್. ನಿನ್ನೆ ಕರೆಂಟ್ ಹೇಗೂ ಹೋಗಿತ್ತು. ನಾನೂ ನನ್ನ ತಮ್ಮನೂ ರಾತ್ರಿ ಹನ್ನೊಂದರ ತನಕ ಅದನ್ನೇ ಹಿಡಿದುಕೊಂಡು ಕೂತಿದ್ದೆವು.

ನಕ್ಷತ್ರದ ಮೇಲೆ "ದಿ ಬರ್ಮಾ ಸ್ಟಾರ್" ಅಂತ ಇದೆ. ರಿಬ್ಬನ್ನಿನ ನಡುವೆ ಅಗಲ ಕೆಂಪು, ಎರಡೂ ಕಡೆ ಕಡುನೀಲಿ, ಆ ನೀಲಿಯ ಮಧ್ಯೆ ಕಿತ್ತಳೆ ಗೆರೆ. ದುಂಡು ಪದಕದ ಹಿಂದೆ ಒಂದು ಸಿಂಹ ಎರಡು ತಲೆಯ ಪ್ರಾಣಿಯ ಮೇಲೆ ನಿಂತಿದೆ, ಮೇಲೆ 1939, 1945 ಅಂತ ಇದೆ. ಅಂಚಿನಲ್ಲಿ ಏನೂ ಕಾಣಿಸಲಿಲ್ಲ.

ಪುಸ್ತಕದಲ್ಲಿ ಓದಲು ಆಗಿದ್ದು ಇಷ್ಟು. ಮೊದಲ ಪುಟದಲ್ಲಿ ಒಂದು ನಂಬರ್, ಪೂರ್ತಿ ಇದೆ! ಇಲ್ಲಿ ಹಾಕುತ್ತಿಲ್ಲ. ಅದರ ಪಕ್ಕ ಇಂಗ್ಲಿಷಿನಲ್ಲಿ "ಕ್ಯೂ.ವಿ.ಓ." ಮತ್ತು "ಎಸ್ ಅಂಡ್ ಎಂ". ಇನ್ನೊಂದು ಪುಟದಲ್ಲಿ ನಾಲ್ಕರಿಂದ ಶುರುವಾಗುವ ಅಂಕಿ, ಉಳಿದದ್ದು ಒರಲೆ ಪಾಲು, ಮುಂದೆ "ಎಫ್‌ಡಿ ಕಾಯ್ ಐ.ಇ." ಅಂತ. ಕಸುಬು ಅನ್ನುವ ಕಡೆ "ಕಾರ್ಪೆಂಟರ್". ಕೊನೆಯಲ್ಲಿ ರಜೆ ಕೊಟ್ಟ ಬಗ್ಗೆ ಒಂದು ಸಾಲು, 1944ರ ಆಗಸ್ಟ್.

ಅಜ್ಜ ಬಡಗಿ ಕೆಲಸ ಮಾಡುತ್ತಿದ್ದರು ಅನ್ನುವುದೇ ನನಗೆ ಗೊತ್ತಿರಲಿಲ್ಲ. ಇದರಲ್ಲಿ ಬೋಸರ ಸೈನ್ಯದ ಹೆಸರು ಎಲ್ಲೂ ಇಲ್ಲ. ಬೇರೆ ಪುಸ್ತಕ ಇರುತ್ತಿತ್ತಾ ಅದಕ್ಕೆ?

ನಿವೃತ್ತ ಹವಾಲ್ದಾರ್, ಸಾಗರ · ಜೂನ್ 12

ತಂಗಿ, ಓದಿ ಮೈ ಜುಮ್ ಅಂತು. ನಿಮ್ಮಜ್ಜ ನಮ್ಮವರು. ನಾನೂ ಅದೇ ಗ್ರೂಪಿನಲ್ಲಿ ಇಪ್ಪತ್ತೆರಡು ವರ್ಷ ಇದ್ದು ಬಂದವನು.

ಕ್ಯೂ.ವಿ.ಓ. ಅಂದರೆ ಕ್ವೀನ್ ವಿಕ್ಟೋರಿಯಾಸ್ ಓನ್. ಎಸ್ ಅಂಡ್ ಎಂ ಅಂದರೆ ಸ್ಯಾಪರ್ಸ್ ಅಂಡ್ ಮೈನರ್ಸ್, ಸೈನ್ಯದ ಎಂಜಿನಿಯರ್ ದಳ. ಆಗ ಸ್ಯಾಪರ್ಸ್ ಮೂರು ಇದ್ದವು: ಬೆಂಗಾಲ್, ಬಾಂಬೆ, ಮದ್ರಾಸ್. ಬೆಂಗಾಲಿಗೆ ಕಿಂಗ್ ಜಾರ್ಜ್ ಹೆಸರು, ಬಾಂಬೆಗೆ ರಾಯಲ್ ಅಂತ, ವಿಕ್ಟೋರಿಯಾ ರಾಣಿ ಹೆಸರು ಇದ್ದದ್ದು ಮದ್ರಾಸ್ ಸ್ಯಾಪರ್ಸಿಗೆ. ಇವತ್ತಿನ ಮದ್ರಾಸ್ ಎಂಜಿನಿಯರ್ ಗ್ರೂಪ್, ಎಂಇಜಿ. ಹೆಸರು ಮದ್ರಾಸ್ ಆದರೂ ಮನೆ ಬೆಂಗಳೂರೇ, ಹಲಸೂರು ಕೆರೆ ಹತ್ತಿರ. ತಮಿಳರು, ತೆಲುಗರು, ಮಲಯಾಳಿಗಳು, ನಾವು ಕನ್ನಡದವರು, ಎಲ್ಲರೂ ಇರುತ್ತೇವೆ. ಎಲ್ಲರನ್ನೂ ಕರೆಯುವುದು "ತಂಬಿ" ಅಂತಲೇ.

ಎಫ್‌ಡಿ ಕಾಯ್ ಐ.ಇ. ಅಂದರೆ ಫೀಲ್ಡ್ ಕಂಪನಿ, ಇಂಡಿಯನ್ ಎಂಜಿನಿಯರ್ಸ್. ಮುಂದಿನ ಸಾಲಿನ ಜೊತೆ ಹೋಗುವ ಕಂಪನಿ. ರಸ್ತೆ ಮಾಡುವುದು, ಮೈನ್ ತೆಗೆಯುವುದು, ನೀರು ಒದಗಿಸುವುದು, ಹೊಳೆಗೆ ಸೇತುವೆ ಹಾಕುವುದು. ಬಡಗಿಗಳಿಗೆ ಕೈತುಂಬ ಕೆಲಸ. ಆ ಬರ್ಮಾ ಎಂಥ ದೇಶ ಅಂದರೆ, ನಮ್ಮ ಆಗುಂಬೆಯನ್ನು ನೂರು ಮೈಲಿ ಎಳೆದು ಹಾಸಿದ ಹಾಗೆ: ಮಳೆ, ಕಾಡು, ಉಂಬಳ, ದಾರಿ ಇಲ್ಲ. 1944ರ ಡಿಸೆಂಬರಿನಲ್ಲಿ ಕಲೇವಾ ಎಂಬಲ್ಲಿ ಚಿಂದ್ವಿನ್ ನದಿಗೆ ಸ್ಯಾಪರುಗಳು 1,154 ಅಡಿ ಉದ್ದದ ತೇಲುವ ಬೈಲಿ ಸೇತುವೆ ಹಾಕಿದರು, ತುಂಡು ತುಂಡಾಗಿ ತಂದು ಜೋಡಿಸುವಂಥದ್ದು. ಬ್ರಿಟಿಷರ ಹದಿನಾಲ್ಕನೇ ಸೈನ್ಯ ಆ ದಾರಿಯಾಗಿ ಮಧ್ಯ ಬರ್ಮಾಕ್ಕೆ ಇಳಿಯಿತು. ನಿಮ್ಮಜ್ಜ ಅಲ್ಲಿದ್ದರು ಅಂತ ನಾನು ಹೇಳುವುದಿಲ್ಲ. ಕಂಪನಿ ನಂಬರ್ ಪೂರ್ತಿ ಸಿಗದೆ ಅದನ್ನು ಯಾರೂ ಹೇಳಬಾರದು.

ಬೋಸರ ಸೈನ್ಯದ ವಿಷಯ. ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ಆದರೆ ಮುಚ್ಚುಮರೆ ಮಾಡದೆ ಹೇಳುತ್ತೇನೆ. ಬರ್ಮಾ ಸ್ಟಾರ್ ಬ್ರಿಟಿಷ್ ಸರ್ಕಾರದ ಪದಕ. ಕಿತ್ತಳೆ ಗೆರೆ ಸೂರ್ಯನದ್ದು, ನಡುವಿನ ಕೆಂಪು ಅವರ ಸೈನ್ಯದ್ದು. ಅದೂ ಅಲ್ಲದೆ 1944ರ ಆಗಸ್ಟಿನಲ್ಲಿ ಇವರಿಗೆ ಭಾರತ ಸೇನೆ ರಜೆ ಕೊಟ್ಟಿದೆ. ಆ ಹೊತ್ತಿಗೆ ಐಎನ್‌ಎ, ಅಂದರೆ ಬೋಸರ ಇಂಡಿಯನ್ ನ್ಯಾಷನಲ್ ಆರ್ಮಿ, ಇಂಫಾಲದ ಎದುರು ಜಪಾನಿನವರ ಜೊತೆ ಹೋರಾಡಿ ಹಿಂದೆ ಸರಿಯುತ್ತಿತ್ತು. ಒಬ್ಬ ಮನುಷ್ಯ ಎರಡೂ ಕಡೆ ಇರಲಿಕ್ಕೆ ಆಗುವುದಿಲ್ಲ ಅಲ್ವಾ?

ಕಾಗದನಗರದವನು · ಜೂನ್ 13

ಹವಾಲ್ದಾರ್ ಸರ್ ಹೇಳಿದ್ದು ಸರಿ. ಐಎನ್‌ಎ ಕಥೆ ಇರುವ ಮನೆಗಳು ಮೊದಲು ಕೇಳಬೇಕಾದ್ದು ಒಂದೇ ಪ್ರಶ್ನೆ: ನಮ್ಮಜ್ಜ 1942ರಲ್ಲಿ ಎಲ್ಲಿದ್ದರು? ಐಎನ್‌ಎ ಸೇರಿದ ಸೈನಿಕರಲ್ಲಿ ಹೆಚ್ಚಿನವರು ಮಲಯಾ, ಸಿಂಗಾಪುರದಲ್ಲಿ ಜಪಾನಿಗೆ ಸೆರೆ ಸಿಕ್ಕವರು. ಜೊತೆಗೆ ಅಲ್ಲಿಯೇ ನೆಲೆಸಿದ್ದ ಭಾರತೀಯರು.

ನಮ್ಮ ಮನೆಯದು ಆ ಕಥೆ. ನನ್ನ ತಾಯಿಯ ಅಪ್ಪ ಮೈಸೂರು ಇನ್‌ಫೆಂಟ್ರಿಯಲ್ಲಿದ್ದರು. ಶಿವಮೊಗ್ಗ ಜಿಲ್ಲೆ ಆಗ ಮೈಸೂರು ಸಂಸ್ಥಾನ, ಮಹಾರಾಜರಿಗೆ ಅವರದೇ ಸೈನ್ಯ ಇತ್ತು. ಮೊದಲನೇ ಯುದ್ಧದಲ್ಲಿ ಹೈಫಾದಲ್ಲಿ ಕುದುರೆ ಮೇಲೆ ನುಗ್ಗಿದ ಮೈಸೂರು ಲ್ಯಾನ್ಸರ್ಸ್ ಹೆಸರನ್ನು ಎಲ್ಲರೂ ಕೇಳಿದ್ದಾರೆ, 1918ರ ಸೆಪ್ಟೆಂಬರ್ 23. ಆದರೆ ಎರಡನೇ ಯುದ್ಧದಲ್ಲಿ ಮೈಸೂರು ಇನ್‌ಫೆಂಟ್ರಿಯ ಮೊದಲನೇ ಬೆಟಾಲಿಯನ್ ಸಿಂಗಾಪುರದಲ್ಲಿತ್ತು ಅಂತ ಎಷ್ಟು ಜನಕ್ಕೆ ಗೊತ್ತು? 1942ರ ಫೆಬ್ರವರಿ 15ಕ್ಕೆ ಸಿಂಗಾಪುರ ಶರಣಾಯಿತು. 17ರಂದು ಭಾರತೀಯ ಸೈನಿಕರನ್ನು ಫ್ಯಾರರ್ ಪಾರ್ಕ್ ಮೈದಾನದಲ್ಲಿ ಸೇರಿಸಿ ಜಪಾನಿನವರ ಕೈಗೆ ಒಪ್ಪಿಸಿದರು. ಕೆಲವರು ಐಎನ್‌ಎ ಸೇರಿದರು. ಸೇರದವರಲ್ಲಿ ಸಾವಿರಾರು ಜನರನ್ನು 1943ರಲ್ಲಿ ಹಡಗಿಗೆ ತುಂಬಿ ನ್ಯೂಗಿನಿ ಕಡೆ ಕೂಲಿಗೆ ಒಯ್ದರು. ಹಸಿವು, ಜ್ವರದಲ್ಲಿ ಸತ್ತವರು ಬಹಳ.

ನಮ್ಮಜ್ಜ ಇದರಲ್ಲಿ ಯಾವ ಗುಂಪು ಅಂತ ಇನ್ನೂ ಖಚಿತವಾಗಿಲ್ಲ. ತಿರುಗಿ ಬಂದರು, ಭದ್ರಾವತಿಯಲ್ಲಿ ಕೆಲಸಕ್ಕೆ ಸೇರಿದರು, ಯಾರ ಹತ್ತಿರವೂ ಮಾತಾಡಲಿಲ್ಲ. ಅನ್ನ ಮಾತ್ರ ಒಂದು ಅಗುಳೂ ಬಿಡುತ್ತಿರಲಿಲ್ಲ, ತಟ್ಟೆ ತೊಳೆದ ನೀರನ್ನೂ ಕುಡಿಯುತ್ತಿದ್ದರು. ಚಿಕ್ಕವರಿದ್ದಾಗ ನಮಗೆ ಅದು ವಿಚಿತ್ರವಾಗಿ ಕಾಣುತ್ತಿತ್ತು.

ದಾಖಲೆ ಬಗ್ಗೆ ನನ್ನ ಅನುಭವ: ಮೊದಲು ಬರೆದ ಕಚೇರಿಯಿಂದ ಐದು ತಿಂಗಳ ಮೇಲೆ ಒಂದು ಸಾಲಿನ ಉತ್ತರ ಬಂತು, "ದಾಖಲೆ ನಾಶಪಡಿಸಲಾಗಿದೆ" ಅಂತ. ಅವತ್ತು ಅಮ್ಮ ಊಟ ಮಾಡಲಿಲ್ಲ. ಆದರೆ ಅಲ್ಲಿಗೇ ಬಿಡಬೇಡಿ. ಸಂಸ್ಥಾನದ ಸೈನ್ಯದವರಾದರೆ ಬೆಂಗಳೂರಿನ ವಿಕಾಸಸೌಧದಲ್ಲಿರುವ ರಾಜ್ಯ ಪತ್ರಾಗಾರಕ್ಕೆ ಹೋಗಿ. ಮೈಸೂರು ಸರ್ಕಾರದ ಹಳೆ ಕಡತಗಳು ಅಲ್ಲಿವೆ. ನಾನು ಎರಡು ದಿನ ಕೂತು ಬರೀ ಸೂಚಿ ನೋಡಿದ್ದೇನೆ, ಮತ್ತೆ ಹೋಗುವವನಿದ್ದೇನೆ.

ನಿವೃತ್ತ ಹವಾಲ್ದಾರ್, ಸಾಗರ · ಜೂನ್ 13

"ನಾಶಪಡಿಸಲಾಗಿದೆ" ಅನ್ನುವುದರ ಹಿಂದೆ ಒಂದು ನಿಯಮ ಇದೆ, ಎಲ್ಲರೂ ತಿಳಿದಿರಬೇಕು. ಪಿಂಚಣಿ ಇಲ್ಲದೆ ಬಂದ ಸೈನಿಕರ ಕಡತವನ್ನು 25 ವರ್ಷ ಇಟ್ಟು ಆಮೇಲೆ ತೆಗೆದುಬಿಡುತ್ತಾರೆ. ಯುದ್ಧಕ್ಕಂತ ಸೇರಿ, ಯುದ್ಧ ಮುಗಿದ ಮೇಲೆ ಮನೆಗೆ ಬಂದವರಲ್ಲಿ ಹೆಚ್ಚಿನವರಿಗೆ ಪಿಂಚಣಿ ಇರಲಿಲ್ಲ, ಅದಕ್ಕೆ ಹದಿನೈದು ವರ್ಷ ಸರ್ವೀಸ್ ಬೇಕು. ಹಾಗಾಗಿ ಇವರ ಶೀಟ್ ರೋಲ್, ಅಂದರೆ ಸೇವೆಯ ಪೂರ್ತಿ ವಿವರದ ಕಡತ, ಸಿಗುವುದು ಕಷ್ಟ.

ಆದರೆ "ಲಾಂಗ್ ರೋಲ್" ಅಂತ ಒಂದು ದೊಡ್ಡ ರಿಜಿಸ್ಟರ್ ಇರುತ್ತದೆ. ಅದನ್ನು ನಾಶ ಮಾಡುವ ಹಾಗಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಸಾಲು. ಅರ್ಜಿಯಲ್ಲಿ ಸುಮ್ನೆ "ನಮ್ಮಜ್ಜನ ದಾಖಲೆ ಕೊಡಿ" ಅಂತ ಬರೆಯಬೇಡಿ, "ಲಾಂಗ್ ರೋಲಿನಲ್ಲಿರುವ ವಿವರ ಕೊಡಿ" ಅಂತಲೇ ಬರೆಯಿರಿ.

ಎಲ್ಲಿಗೆ ಬರೆಯುವುದು? ಯಾವ ಕೋರ್, ಅದರ ರೆಕಾರ್ಡ್ ಆಫೀಸಿಗೆ. ಸ್ಯಾಪರ್ಸ್ ಆದರೆ ಬೆಂಗಳೂರು, ಮದ್ರಾಸ್ ರೆಜಿಮೆಂಟ್ ಆದರೆ ನೀಲಗಿರಿಯ ವೆಲಿಂಗ್ಟನ್, ತೋಪುಖಾನೆ ಆದರೆ ನಾಸಿಕ್ ರೋಡ್, ಸಿಗ್ನಲ್ಸ್ ಆದರೆ ಜಬಲ್‌ಪುರ, ಮೆಡಿಕಲ್ ಆದರೆ ಲಖನೌ. ದಕ್ಷಿಣದ ಸರ್ವೀಸ್ ಕೋರಿನವರದು, ಪಯೋನಿಯರ್‌ನವರದು ಬೆಂಗಳೂರೇ. ಲಂಡನ್ನಿಗೆ ಬರೆದರೆ ಸಿಗುತ್ತದೆ ಅಂತ ಕೆಲವರು ಹೇಳುತ್ತಾರೆ. ಅಲ್ಲಿ ಬ್ರಿಟಿಷ್ ಲೈಬ್ರರಿಯಲ್ಲಿರುವುದು ಅಧಿಕಾರಿಗಳ ಕಡತ. ನಮ್ಮ ಸಿಪಾಯಿಗಳ ದಾಖಲೆ ಇಲ್ಲೇ ಉಳಿಯಿತು. ಲಂಡನ್ನಿನ ಕ್ಯೂ ಎಂಬಲ್ಲಿರುವ ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿ ಯುದ್ಧದ ದಿನಚರಿಗಳಿವೆ, ಅವು ಘಟಕದ ದಿನಚರಿ. ಕಂಪನಿ ನಂಬರ್ ಗೊತ್ತಾದ ಮೇಲೆ ಅದು ಉಪಯೋಗಕ್ಕೆ ಬರುತ್ತದೆ.

ಜೊತೆಗೆ ಏನು ಇಡಬೇಕು: ನಾಡಕಚೇರಿಯಿಂದ ವಂಶವೃಕ್ಷ, ಅಜ್ಜನ ಮರಣ ಪತ್ರ, ನಿಮ್ಮ ಆಧಾರ್ ಪ್ರತಿ, ಪೇಬುಕ್ಕಿನ ಆ ಪುಟದ ಫೋಟೋ. ಮೊದಲು ಗೌರವದಿಂದ ಒಂದು ಕಾಗದ ಬರೆದು ಸ್ಪೀಡ್ ಪೋಸ್ಟ್ ಮಾಡಿ. ಎರಡು ಮೂರು ತಿಂಗಳು ಕಾಯಿರಿ. ಉತ್ತರ ಬರದಿದ್ದರೆ 10 ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಮಾಹಿತಿ ಹಕ್ಕಿನಲ್ಲಿ ಕೇಳಿ. ದಾಖಲೆ ತರಿಸಿಕೊಡುತ್ತೇನೆ ಅಂತ ಸಾವಿರಾರು ರೂಪಾಯಿ ಕೇಳುವವರಿದ್ದಾರೆ, ಒಂದು ಪೈಸೆ ಕೊಡಬೇಡಿ.

ವಿಳಾಸದ ವಿಷಯಕ್ಕೆ ಒಂದು ಮಾತು. ಹೊಸನಗರ ತಾಲ್ಲೂಕಿಗೆ ಹಿಂದೆ ನಗರ ತಾಲ್ಲೂಕು ಅಂತ ಹೆಸರು. ನಿಮ್ಮೂರು ಆ ಕಡೆಯದಾದರೆ "ನಗರ ತಾಲ್ಲೂಕು, ಶಿಮೋಗಾ ಜಿಲ್ಲೆ, ಮೈಸೂರು ಸಂಸ್ಥಾನ" ಅಂತ ಬರೆಯಿರಿ. ಊರು ಮುಳುಗಿದರೂ ರಿಜಿಸ್ಟರಿನಲ್ಲಿ ಇರುತ್ತದೆ.

ಶಿಕಾರಿಪುರದ ರೈತ · ಜೂನ್ 14

ನಾನು ಹೇಳುವುದು ಯಾರಿಗೂ ನೋವಾಗಬಾರದು. ಆದರೆ ಹೇಳಲೇಬೇಕು ಅನಿಸಿತು.

ನಮ್ಮ ತಾಲ್ಲೂಕಿನ ಈಸೂರು 1942ರಲ್ಲಿ ತನ್ನನ್ನು ತಾನೇ ಸ್ವತಂತ್ರ ಅಂತ ಘೋಷಿಸಿಕೊಂಡ ಊರು. "ಏಸೂರು ಕೊಟ್ಟರೂ ಈಸೂರು ಕೊಡೆವು" ಅಂದವರು. 1943ರ ಮಾರ್ಚಿನಲ್ಲಿ ಅಲ್ಲಿನ ಐವರನ್ನು ಗಲ್ಲಿಗೇರಿಸಿದರು. ಅದೇ ಜಿಲ್ಲೆಯಿಂದ, ಅದೇ ವರ್ಷಗಳಲ್ಲಿ ಹುಡುಗರು ಬ್ರಿಟಿಷರ ಸೈನ್ಯಕ್ಕೆ ಸೇರಿದ್ದಾರೆ. ವಾಪಸ್ ಬಂದ ಮೇಲೆ ಊರಿನಲ್ಲಿ ಅವರಿಗೆ ಏನು ಅನಿಸಿರಬೇಕು? ಜನ ಏನು ಅಂದಿರಬೇಕು?

ನಮ್ಮ ಮನೆಯಲ್ಲೇ ಇಬ್ಬರೂ ಇದ್ದರು. ನಮ್ಮಜ್ಜ ಚಳವಳಿಯಲ್ಲಿ ಓಡಾಡಿದವರು, ಅವರ ತಮ್ಮ ಸೈನ್ಯದಲ್ಲಿ ಲಾರಿ ಓಡಿಸಿದವರು. ಆ ತಮ್ಮ ಸೇರಿದ್ದು ದೊರೆಗಳ ಮೇಲಿನ ಪ್ರೀತಿಗಲ್ಲ. ಮನೆಯಲ್ಲಿ ಹನ್ನೊಂದು ಬಾಯಿ, ಅಕ್ಕಿಗೆ ತತ್ವಾರ. ತಿಂಗಳು ತಿಂಗಳು ಬರುತ್ತಿದ್ದ ಮನಿಯಾರ್ಡರಿನಲ್ಲಿ ಚಳವಳಿ ಮಾಡುತ್ತಿದ್ದ ಅಣ್ಣನ ಮಕ್ಕಳೂ ಉಂಡಿದ್ದಾರೆ, ನಮ್ಮಪ್ಪನೂ ಉಂಡಿದ್ದಾರೆ. ಇಬ್ಬರೂ ಸಾಯುವ ತನಕ ಒಂದೇ ಜಗಲಿಯಲ್ಲಿ ಎಲೆಯಡಿಕೆ ಹಾಕಿದರು. ಆ ವಿಷಯ ಮಾತ್ರ ಒಬ್ಬರೂ ಎತ್ತಲಿಲ್ಲ.

ಅಕ್ಕ, ನಿಮ್ಮ ಮನೆಯಲ್ಲಿ ಬೋಸರ ಹೆಸರು ಹೇಗೆ ಬಂತು ಅಂತ ನಿಮ್ಮ ದೊಡ್ಡತ್ತೆಗೆ ಗೊತ್ತಿರಬಹುದು. ನಿಧಾನವಾಗಿ ಕೇಳಿ.

ಟೀಚರಮ್ಮ ತೀರ್ಥಹಳ್ಳಿ · ಜೂನ್ 14

ಹೌದು, ದೊಡ್ಡತ್ತೆಯನ್ನು ಇದೇ ತಿಂಗಳು ನೋಡಿ ಬನ್ನಿ. ಕಚೇರಿ ಕಾಗದ ಕಾಯುತ್ತದೆ, ಅವರ ನೆನಪು ಕಾಯುವುದಿಲ್ಲ.

ಕೇಳುವ ರೀತಿ ಬಗ್ಗೆ ಹೇಳುತ್ತೇನೆ. ನಮ್ಮ ಮಾವ ಯುದ್ಧದಲ್ಲಿ ಹೇಸರಗತ್ತೆ ಕಂಪನಿಯಲ್ಲಿದ್ದವರು. "ಯುದ್ಧ ಹೇಗಿತ್ತು ಮಾವ" ಅಂದರೆ "ಇತ್ತು" ಅನ್ನುತ್ತಿದ್ದರು, ಮಾತು ಅಲ್ಲಿಗೆ ಮುಗಿಯುತ್ತಿತ್ತು. ಒಂದು ದಿನ ದೋಸೆ ಹುಯ್ಯುತ್ತಾ "ಅಲ್ಲಿ ಬೆಳಿಗ್ಗೆ ತಿಂಡಿಗೆ ಏನು ಕೊಡ್ತಿದ್ರು" ಅಂದೆ. ಕಾವಲಿ ಆರುವ ತನಕ ಮಾತಾಡಿದರು. ಕತ್ತೆಗಳ ಹೆಸರು ಕೂಡ ನೆನಪಿತ್ತು ಅವರಿಗೆ.

ಹಾಗಾಗಿ ಯಾವ ರೆಜಿಮೆಂಟ್, ಯಾವ ಇಸವಿ ಅಂತ ಕೇಳಬೇಡಿ. ಎಂಟು ವರ್ಷದ ಹುಡುಗಿಗೆ ಏನು ಕಂಡಿರುತ್ತದೋ ಅದನ್ನು ಕೇಳಿ. ಅಪ್ಪ ಬಂದಾಗ ಮಳೆಯೋ ಬೇಸಗೆಯೋ? ಏನು ತಂದರು? ಮೈ ಬಣ್ಣ ಹೇಗಿತ್ತು? ಕೊನೆಯದನ್ನು ಮರೆಯಬೇಡಿ. 1942ರಲ್ಲಿ ಜಾವಾ ಜಪಾನಿನ ಕೈಗೆ ಹೋದ ಮೇಲೆ ಕ್ವಿನೈನ್ ಸಿಗದಂತಾಯಿತು. ಬರ್ಮಾ ಸೈನಿಕರಿಗೆ ಮಲೇರಿಯಾಕ್ಕೆ ಮೆಪಕ್ರಿನ್ ಅಂತ ಹಳದಿ ಮಾತ್ರೆ ದಿನಾ ನುಂಗಿಸುತ್ತಿದ್ದರು. ಅದು ಮೈಯನ್ನೇ ಹಳದಿ ಮಾಡುತ್ತಿತ್ತು.

ಕೊಪ್ಪದ ಕಾಫಿ · ಜೂನ್ 16

ಇಲ್ಲಿ ಕೇಳಬಹುದಾ? ನಮ್ಮದು ಇನ್ನೊಂದು ಥರ. ನಮ್ಮ ಅಜ್ಜನ ಅಣ್ಣ ಹೋದವರು ಬರಲೇ ಇಲ್ಲ. ಒಂದು ತಂತಿ ಬಂದಿತ್ತಂತೆ, ಅದೂ ಈಗ ಇಲ್ಲ. ಹೆಸರು, ಅವರ ಅಪ್ಪನ ಹೆಸರು, ಊರು ಬಿಟ್ಟರೆ ಬೇರೇನೂ ಗೊತ್ತಿಲ್ಲ.

ಕಾಗದನಗರದವನು · ಜೂನ್ 16

ಸತ್ತವರನ್ನು ಹುಡುಕುವುದು ಬದುಕಿ ಬಂದವರನ್ನು ಹುಡುಕುವುದಕ್ಕಿಂತ ಸುಲಭ. ಬರೆಯಲು ಸಂಕಟ ಆಗುತ್ತದೆ, ಆದರೆ ಹಾಗೇ ಇದೆ.

ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ವೆಬ್‌ಸೈಟಿನಲ್ಲಿ ಹುಡುಕಿ, ದುಡ್ಡು ಕೊಡಬೇಕಿಲ್ಲ. ಬರ್ಮಾದಲ್ಲಿ ಸತ್ತು ಸಮಾಧಿ ಸಿಗದವರ ಹೆಸರು ರಂಗೂನ್ ಹತ್ತಿರ ಟೌಕ್ಯಾನ್ ಸ್ಮಶಾನದ ಸ್ಮಾರಕದಲ್ಲಿವೆ, ಸುಮಾರು 27,000 ಹೆಸರು, ಬಹುಪಾಲು ನಮ್ಮವರದೇ. ಮಲಯಾ ಕಡೆಯವರದು ಸಿಂಗಾಪುರದ ಕ್ರಾಂಜಿಯಲ್ಲಿ.

ಹೆಸರನ್ನು ಇಂಗ್ಲಿಷಿನಲ್ಲಿ ಹೇಗೆ ಬೇಕೋ ಹಾಗೆ ಬರೆದಿರುತ್ತಾರೆ. ಗುಮಾಸ್ತನ ಕಿವಿಗೆ ಕೇಳಿದ್ದೇ ಕಾಗುಣಿತ. ಗೌಡ ಅನ್ನುವುದಕ್ಕೆ ನಾಲ್ಕು ಥರ, ಅಪ್ಪ ಅನ್ನುವುದಕ್ಕೆ ಮೂರು ಥರ ಹಾಕಿ ನೋಡಿ. ಸಿಗದಿದ್ದರೆ ಹೆಸರು ಬಿಟ್ಟು, "ಹೆಚ್ಚಿನ ಮಾಹಿತಿ" ಅನ್ನುವ ಜಾಗದಲ್ಲಿ ಊರು ಅಥವಾ ಜಿಲ್ಲೆ ಹೆಸರು ಹಾಕಿ. ನಿಮ್ಮದು ಆಗ ಕಡೂರು ಜಿಲ್ಲೆ, ಚಿಕ್ಕಮಗಳೂರು ಅಂತ ಹಾಕಿದರೆ ತಪ್ಪಿಹೋಗಬಹುದು. ಎಷ್ಟೋ ಜನರಿಗೆ ಅಪ್ಪ ಅಮ್ಮನ ಹೆಸರೂ ಊರೂ ಅಲ್ಲಿ ಇರುತ್ತದೆ.

ಅಂಚೆಚೀಟಿ ಪ್ರೇಮಿ · ಜೂನ್ 18

ಆ ಖಾಲಿ ಲಕೋಟೆಯನ್ನು ಎಲ್ಲರೂ ಮರೆತಿರಿ! ಮುದ್ರೆಯಲ್ಲಿ "ಎಫ್‌ಪಿಓ" ಅಂತ ನಂಬರ್ ಇದೆಯಾ? ಅದು ಸೈನ್ಯದ ಜೊತೆ ಸಾಗುತ್ತಿದ್ದ ಅಂಚೆ ಕಚೇರಿ. ಯಾವ ತಿಂಗಳು ಯಾವ ನಂಬರ್ ಎಲ್ಲಿತ್ತು ಅಂತ ಅಂಚೆಚೀಟಿ ಸಂಗ್ರಹಿಸುವವರು ಪಟ್ಟಿ ಮಾಡಿಟ್ಟಿದ್ದಾರೆ. ನಂಬರ್ ಒಂದೇ ಸಾಲದು, ತಾರೀಕೂ ಬೇಕು. ಅಂಚೆ ಕಚೇರಿ ಒಂದೇ ಕಡೆ ನಿಂತಿರುತ್ತಿರಲಿಲ್ಲ.

ಹಿನ್ನೀರಿನ ಹುಡುಗಿ · ಜೂನ್ 30

ಮುದ್ರೆ ಅರ್ಧ ಮಾತ್ರ ಬಿದ್ದಿದೆ, ನಂಬರಿನ ಒಂದು ಅಂಕಿ ಕಾಣಿಸುವುದಿಲ್ಲ. ಫೋಟೋ ನಿಮಗೆ ಕಳಿಸಿದ್ದೇನೆ ಸರ್.

ಸಾಗರಕ್ಕೆ ಹೋಗಿ ಬಂದೆ. ಟೀಚರ್ ಹೇಳಿದ ಹಾಗೇ ಮಾಡಿದೆ. ದೊಡ್ಡತ್ತೆ ಹಿತ್ತಲ ಬಾಗಿಲಲ್ಲಿ ಕೂತು ಕೆಸುವಿನ ಎಲೆ ಸುತ್ತುತ್ತಿದ್ದರು. ನಾನೂ ಕೂತು ಸುತ್ತುತ್ತಾ ಕೇಳಿದೆ, "ಅಜ್ಜ ಯುದ್ಧದಿಂದ ಬಂದಾಗ ಮಳೆ ಇತ್ತಾ ಅತ್ತೆ?"

"ಯಾವ ಸಲ?" ಅಂದರು.

ಅಜ್ಜ ನಡುವೆ ಒಮ್ಮೆ ಬಂದು ಹೋಗಿದ್ದು ಅವರಿಗೆ ನೆನಪಿದೆ. ಆಗ ಅವರಿಗೆ ಆರು ವರ್ಷ. ಶ್ರಾವಣದ ಮಳೆ. ಕಂಬಳಿಕೊಪ್ಪೆ ಹಾಕಿಕೊಂಡ ಯಾರೋ ಅಂಗಳದಲ್ಲಿ ನಿಂತಿದ್ದರಂತೆ. ಕೊಪ್ಪೆ ತೆಗೆದರೆ ಮುಖ, ಕೈ, ಉಗುರಿನ ಸುತ್ತ ಎಲ್ಲ ಹಳದಿ. ಅಜ್ಜಿ ಕಿರುಚಿದರಂತೆ, ಕಾಮಾಲೆ ಅಂತ. ಅವತ್ತೇ ಗದ್ದೆ ಅಂಚಿನಿಂದ ನೆಲನೆಲ್ಲಿ ಕಿತ್ತು ತಂದು ಅರೆದು ಮಜ್ಜಿಗೆಯಲ್ಲಿ ಕುಡಿಸಿದರು. ಅಜ್ಜ "ಇದು ಕಾಮಾಲೆ ಅಲ್ಲ, ಮಾತ್ರೆ ಬಣ್ಣ" ಅಂದರೂ ಅಜ್ಜಿ ಕೇಳಲಿಲ್ಲ. ಹೋಗುವ ದಿನದ ತನಕ ಬೆಳಿಗ್ಗೆ ಬೆಳಿಗ್ಗೆ ಕುಡಿಸಿದರು, ಉಪ್ಪು ಹುಳಿ ಖಾರ ಯಾವುದನ್ನೂ ಕೊಡಲಿಲ್ಲ. ಅಜ್ಜ ಸುಮ್ಮನೆ ಕುಡಿದರು.

1944ರ ಆಗಸ್ಟ್. ಶ್ರಾವಣ. ಪೇಬುಕ್ಕಿನ ಆ ಸಾಲು ಇದೇ. ನಾನು ಎಲೆ ಕೆಳಗಿಟ್ಟು ಅತ್ತುಬಿಟ್ಟೆ.

ಆಮೇಲೆ ಬಡಗಿ ವಿಷಯ ಕೇಳಿದೆ. ಊರಲ್ಲಿ ನಮ್ಮ ಮನೆಗೂ ಗದ್ದೆಗೂ ನಡುವೆ ಒಂದು ಹಳ್ಳ ಇತ್ತಂತೆ. ಪ್ರತಿ ವರ್ಷ ಮಳೆಗೆ ಕಾಲುಸಂಕ ಕೊಚ್ಚಿಹೋಗುತ್ತಿತ್ತು. ಯುದ್ಧದಿಂದ ಬಂದ ಮೇಲೆ ಅಜ್ಜ ಹಾಕಿದ ಸಂಕ ಹೋಗಲಿಲ್ಲ. ಎರಡೂ ದಡದಲ್ಲಿ ಕಲ್ಲಿನ ಗೂಡು ಕಟ್ಟಿ, ಮರದ ತುಂಡುಗಳನ್ನು ಮೂರು ಮೂಲೆಯಾಗಿ ಜೋಡಿಸಿ, ಮೇಲೆ ಅಡಿಕೆ ದಬ್ಬೆ ಹಾಸಿ, ಹಗ್ಗವನ್ನು ಯಾರಿಗೂ ಬಿಚ್ಚಲು ಬಾರದ ಒಂದು ಗಂಟಿನಲ್ಲಿ ಬಿಗಿದಿದ್ದರು. ಗಂಟು ಹೇಗಿತ್ತು ಅಂತ ದೊಡ್ಡತ್ತೆ ಸೆರಗಿನ ತುದಿಯಲ್ಲಿ ಹಾಕಿ ತೋರಿಸಿದರು. ಎರಡು ಸಲ ಸುತ್ತಿ, ಅಡ್ಡ ತಂದು, ಒಳಗಿಂದ ಎಳೆದರು. 86 ವರ್ಷದ ಬೆರಳು ಒಮ್ಮೆಯೂ ತಡವರಿಸಲಿಲ್ಲ. ಊರವರು ಅದನ್ನು "ಮಿಲ್ಟ್ರಿ ಸಂಕ" ಅನ್ನುತ್ತಿದ್ದರಂತೆ. ನೀರು ಏರುವ ವರ್ಷ ಎಲ್ಲರೂ ಸಾಮಾನು ಹೊತ್ತು ದಾಟಿ ಬಂದದ್ದೂ ಅದರ ಮೇಲೆಯೇ.

ಬೋಸರ ವಿಷಯ ಶಿಕಾರಿಪುರದ ಅಣ್ಣ ಹೇಳಿದ ಹಾಗೇ ಇದೆ. ಅಪ್ಪ ಶಾಲೆಗೆ ಹೋಗುವಾಗ ಮಕ್ಕಳು "ಬ್ರಿಟಿಷರ ಆಳಿನ ಮಗ" ಅಂತ ಆಡಿಕೊಂಡರಂತೆ. ಅಳುತ್ತಾ ಬಂದ ಅಪ್ಪನಿಗೆ ಅಜ್ಜಿ "ನಿಮ್ಮಪ್ಪ ಬೋಸರ ಕಡೆ ಇದ್ದ ಅಂತ ಹೇಳು" ಅಂದರು. ಅಜ್ಜ ಜಗಲಿಯಲ್ಲೇ ಇದ್ದರು. ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಮಾರನೇ ದಿನ ಪದಕಗಳು ಗೋಡೆಯಿಂದ ಇಳಿದು ಟ್ರಂಕಿಗೆ ಹೋದವು.

ಅಪ್ಪ ಅದನ್ನೇ ನಂಬಿ ನಮಗೂ ಹೇಳಿದರು. ನನಗೆ ಅಜ್ಜಿಯ ಮೇಲೂ ಸಿಟ್ಟಿಲ್ಲ, ಅಪ್ಪನ ಮೇಲೂ ಸಿಟ್ಟಿಲ್ಲ. ಆದರೆ ಇನ್ನು ಮೇಲೆ ನಮ್ಮ ಮಕ್ಕಳಿಗೆ ಸಂಕದ ಕಥೆ ಹೇಳುತ್ತೇನೆ. ಅರ್ಜಿ ನಿನ್ನೆ ಸ್ಪೀಡ್ ಪೋಸ್ಟ್ ಮಾಡಿದೆ.

ನಿವೃತ್ತ ಹವಾಲ್ದಾರ್, ಸಾಗರ · ಜೂನ್ 30

ಆ ಗಂಟಿನ ವಿಡಿಯೋ ಮಾಡಿಕೊಳ್ಳಿ ತಂಗಿ. ಮರ ಬಿಗಿಯುವ ಲ್ಯಾಶಿಂಗ್ ಅದು, ನಮಗೂ ಟ್ರೇನಿಂಗಿನಲ್ಲಿ ಕಲಿಸಿದ್ದಾರೆ. ನಾನು ಸಾಗರದಲ್ಲೇ ಇರುವುದು. ದೊಡ್ಡತ್ತೆ ಒಪ್ಪಿದರೆ ಬಂದು ನಮಸ್ಕಾರ ಮಾಡಿ ಹೋಗುತ್ತೇನೆ.

ಹಿನ್ನೀರಿನ ಹುಡುಗಿ · ನವೆಂಬರ್ 4

ಉತ್ತರ ಬಂತು. ಒಂದೇ ಹಾಳೆ. ಕಡತ ಇಲ್ಲ, ಲಾಂಗ್ ರೋಲಿನ ವಿವರ ಮಾತ್ರ. ನಂಬರ್, ಸ್ಯಾಪರ್, ಹೆಸರು, ಅಪ್ಪನ ಹೆಸರು. ಊರು, ತಾಲ್ಲೂಕು ನಗರ, ಜಿಲ್ಲೆ ಶಿಮೋಗಾ. ಸೇರಿದ್ದು 1942ರ ನವೆಂಬರ್, ಬಿಟ್ಟಿದ್ದು 1946ರ ಜೂನ್. ಕಂಪನಿ ನಂಬರ್ ಅದರಲ್ಲೂ ಇಲ್ಲ. ಎಂಇಜಿ ಸೆಂಟರಿನ ಮ್ಯೂಸಿಯಂನಲ್ಲಿ ವಿಚಾರಿಸೋಣ ಅಂತ ಹವಾಲ್ದಾರ್ ಸರ್ ಹೇಳಿದ್ದಾರೆ, ಜನವರಿಯಲ್ಲಿ ಜೊತೆಗೆ ಹೋಗುತ್ತೇವೆ.

ಹಾಳೆ ತಗೊಂಡು ಸಾಗರಕ್ಕೆ ಹೋಗಿ ದೊಡ್ಡತ್ತೆಗೆ ಓದಿ ಹೇಳಿದೆ. ತಾರೀಕು ಯಾವುದೂ ಅವರ ಕಿವಿಗೆ ಬೀಳಲಿಲ್ಲ. "ಊರ ಹೆಸರು ಇನ್ನೊಂದ್ಸಲ ಓದೇ" ಅಂದರು. ಮೂರು ಸಲ ಓದಿಸಿದರು.

ಕೊಪ್ಪದ ಕಾಫಿ · ನವೆಂಬರ್ 6

ನಮ್ಮ ದೊಡ್ಡಜ್ಜ ಸಿಕ್ಕಿದರು.

ಹೆಸರು ಹಾಕಿದಾಗ ಬರಲಿಲ್ಲ. ಕಡೂರು ಅಂತ ಹಾಕಿ ಒಂದೊಂದೇ ನೋಡುತ್ತಾ ಹೋದಾಗ ಅವರ ಅಪ್ಪನ ಹೆಸರು ಕಣ್ಣಿಗೆ ಬಿತ್ತು. ರಂಗೂನ್ ಸ್ಮಾರಕ. ಸತ್ತ ತಾರೀಕು ಇದೆ, 1944ರ ಮೇ.

ತಾರೀಕು ಗೊತ್ತಿಲ್ಲ ಅಂತ ನಮ್ಮ ಮನೆಯಲ್ಲಿ ಇಷ್ಟು ವರ್ಷ ಮಹಾಲಯ ಅಮಾವಾಸ್ಯೆ ದಿನ ಎಲ್ಲರ ಜೊತೆ ಅವರಿಗೂ ಒಂದು ಎಲೆ ಹಾಕುತ್ತಿದ್ದೆವು. ಅಪ್ಪ ಹಳೆ ಪಂಚಾಂಗ ಇಟ್ಟುಕೊಂಡಿರುವ ಭಟ್ಟರ ಹತ್ತಿರ ಹೋಗಿದ್ದಾರೆ, ತಿಥಿ ಕೇಳಿಕೊಂಡು ಬರಲು.